ಮುಂದೆ ಹಿಡಿಯುವವಳ ತಲೆ

ನಮ್ಮ ಗಾಜಿನಂಗಡಿಯಲ್ಲಿ ತಲೆ ಎನ್ನುವುದು ಒಂದು ಹುದ್ದೆ. ದೊಡ್ಡ ಗಾಜನ್ನು ಇಬ್ಬರು ಹೊತ್ತು ನಡೆಯುವಾಗ ಮುಂದೆ ಹಿಡಿದವರು ತಲೆ, ಹಿಂದೆ ಹಿಡಿದವರು ಬಾಲ. ಹೊತ್ತಿರುವಷ್ಟು ಹೊತ್ತು ಇಬ್ಬರೂ ಬಾಯಿ ಬಿಡುವಂತಿಲ್ಲ. ಇದು ಅಂಗಡಿಯ ಒಡತಿಯಾದ ನನ್ನ ಸೋದರತ್ತೆ ಮಾಡಿದ ಕಾಯ್ದೆ. “ಮಾತಾಡಿದ್ರೆ ಉಸಿರು ಅಲ್ಲಾಡುತ್ತೆ, ಉಸಿರು ಅಲ್ಲಾಡಿದ್ರೆ ಕೈ ಅಲ್ಲಾಡುತ್ತೆ, ಕೈ ಅಲ್ಲಾಡಿದ್ರೆ ಮೊದಲು ಗಾಜು ಹೋಗುತ್ತೆ, ಆಮೇಲೆ ಬೆರಳು” ಎಂದು ಅವರು ಹೇಳಿದರೆ ಎದುರಾಡುವ ಧೈರ್ಯ ಯಾರಿಗೂ ಬರುವುದಿಲ್ಲ. ಅವರ ಮುಂಗೈಯಲ್ಲಿ ಮೊಣಕೈವರೆಗೆ ಹೋಗುವ ಹಳೆಯ ಗಾಯದ ಗೆರೆಯೊಂದಿದೆ. ಅದನ್ನು ನೋಡಿದವರು ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಾರೆ.

ಎರಡು ಕೈಯೂ ಗಾಜಿಗೆ, ಬಾಯಿಗೆ ಬೀಗ. ಇನ್ನು ಉಳಿಯುವುದು ತಲೆಯೊಂದೇ. ಮುಂದಿನವರು ತಲೆಯನ್ನು ಎಡಕ್ಕೆ ವಾಲಿಸಿದರೆ ಎಡಕ್ಕೆ ತಿರುಗಬೇಕು, ಬಲಕ್ಕೆ ವಾಲಿಸಿದರೆ ಬಲಕ್ಕೆ. ಗಲ್ಲ ಎತ್ತಿದರೆ ಮುಂದೆ ಮೆಟ್ಟಿಲಿದೆ ಎಂದರ್ಥ, ತಲೆ ಬಗ್ಗಿಸಿದರೆ ಗಾಜು ಇಳಿಸು ಎಂದರ್ಥ. ಬಾಲ ಮರುಪ್ರಶ್ನೆ ಕೇಳುವಂತಿಲ್ಲ. ಮಾವ ಇರುವವರೆಗೆ ಇಪ್ಪತ್ತೈದು ವರ್ಷ ಮಾವ ತಲೆ, ಅತ್ತೆ ಬಾಲ. “ಮನೇಲಿ ಒಂದಿನಾನೂ ಅವರ ಮಾತು ಕೇಳಿದವಳಲ್ಲ ನಾನು. ಬೀದೀಲಿ ಮಾತ್ರ ಅವರ ತಲೆ ಅಂದ ಹಾಗೆ ನಡೆದೆ” ಎಂದು ಅತ್ತೆ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಮಾವ ಹೋದ ಮೇಲೆ ಅತ್ತೆ ಸಂಬಳಕ್ಕೆ ಇಟ್ಟುಕೊಂಡ ಮೂರು ತಲೆಗಳು ಮೂರು ತಿಂಗಳೂ ನಿಲ್ಲಲಿಲ್ಲ. ಆಗ ನಾನು ಬಂದೆ. ಒಂದು ವರ್ಷ ಗಾಜಿನ ಚೂರು ಗುಡಿಸಿದೆ, ಇನ್ನೊಂದು ವರ್ಷ ಕಂಬಳಿ ಹಾಸಿದ ಮೇಜಿನ ಮೇಲೆ ಅಳತೆ ಹಿಡಿದು ಗಾಜು ಗೀರಿ ಕತ್ತರಿಸುವುದನ್ನು ಕಲಿತೆ. ಇಪ್ಪತ್ಮೂರು ತುಂಬಿದ ದಿನ ಅತ್ತೆ ಮಾವನ ಚರ್ಮದ ಕೈಗವಸನ್ನು ನನ್ನ ಕಡೆ ಎಸೆದು “ನಾಳೆಯಿಂದ ನೀನು ಮುಂದೆ” ಅಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಮಾತು ಸೋದರತ್ತೆಗೂ ಹೊಂದುತ್ತದೆ ಎಂದು ನಾನು ಅವತ್ತು ಹಿಗ್ಗಿದ್ದೇ ಹಿಗ್ಗಿದ್ದು. ಊರಿಗೆಲ್ಲ ಗದರುವ ಹೆಂಗಸು ನನ್ನ ತಲೆಯನ್ನು ಕಣ್ಣು ಮುಚ್ಚಿ ನಂಬಿ ಹಿಂದೆ ಬರುತ್ತಾರೆ ಎಂದರೆ ಸುಮ್ಮನೆ ಆಯಿತೆ?

ಆ ತಲೆಯೇ ಆರು ತಿಂಗಳೊಳಗೆ ಕೈಕೊಟ್ಟಿತು.

ಮೊದಲ ಸಲ ಬಂದಾಗ ನಾನು ಬಚ್ಚಲುಮನೆಯಲ್ಲಿ ಹಲ್ಲುಜ್ಜುತ್ತಿದ್ದೆ. ತಲೆ ತಾನಾಗಿಯೇ ಎಡಕ್ಕೆ ಒಮ್ಮೆ ಚಟಕ್ಕನೆ ಎಗರಿತು. ಯಾರೋ ಕರೆದರೆ ತಿರುಗುತ್ತೇವಲ್ಲ, ಹಾಗೆ. ಆದರೆ ಯಾರೂ ಕರೆದಿರಲಿಲ್ಲ. ಕತ್ತು ಉಳುಕಿರಬೇಕು ಎಂದುಕೊಂಡೆ. ಸಂಜೆಯೊಳಗೆ ಇನ್ನೂ ನಾಲ್ಕು ಸಲ ಬಂತು. ವಾರದೊಳಗೆ ದಿನಕ್ಕೆ ಹದಿನೈದಿಪ್ಪತ್ತು. ನೋವಿಲ್ಲ, ತಲೆ ತಿರುಗುವುದಿಲ್ಲ. ಎಡಕ್ಕೊಮ್ಮೆ ಎಗರಿ, ಏನೂ ಆಗಿಲ್ಲ ಎನ್ನುವಂತೆ ತನ್ನ ಜಾಗಕ್ಕೆ ವಾಪಸು ಬರುತ್ತದೆ, ಅಷ್ಟೇ. ಕೆಲವು ಸಲ ಬರುವ ಮುಂಚೆ ಕತ್ತಿನೊಳಗೆ ಸೀನು ಬರುವಾಗಿನಂಥ ಒಂದು ಚಡಪಡಿಕೆ.

ಬೇರೆ ಯಾವ ಕೆಲಸದಲ್ಲಿದ್ದರೂ ಇದು ನನಗೊಬ್ಬಳಿಗೇ ಗೊತ್ತಿರುತ್ತಿತ್ತು. ನನ್ನ ಹಣೆಬರಹ, ನಾನಿದ್ದದ್ದು ಕನ್ನಡಿ ಮಾರುವ ಅಂಗಡಿಯಲ್ಲಿ. ನನ್ನ ತಲೆ ಒಂದು ಸಲ ಎಗರಿದರೆ ಗೋಡೆಯುದ್ದಕ್ಕೂ ಹದಿನಾಲ್ಕು ತಲೆಗಳು ಎಗರುತ್ತಿದ್ದವು. ಅಂಡಾಕಾರದ ಕನ್ನಡಿಯಲ್ಲೊಂದು, ಬೀರುವಿನ ಬಾಗಿಲಲ್ಲೊಂದು, ದೊಡ್ಡದಾಗಿ ತೋರಿಸುವ ಕ್ಷೌರದ ಕನ್ನಡಿಯಲ್ಲಂತೂ ರಾಕ್ಷಸಾಕಾರದ್ದೊಂದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಡವೆಂದರೂ ಹದಿನಾಲ್ಕು.

ಇರಲಾರದೆ ಇರುವೆ ಬಿಟ್ಟುಕೊಂಡರಂತೆ. ನಾನು ಫೋನಿನಲ್ಲಿ ಹುಡುಕಿದೆ. ಐದು ನಿಮಿಷದಲ್ಲಿ ನನಗೆ ಒಂಬತ್ತು ಕಾಯಿಲೆಗಳಿದ್ದವು. ಅದರಲ್ಲಿ ಮೂರಕ್ಕೆ ಮದ್ದಿಲ್ಲ, ಒಂದು ಗಂಡಸರಿಗೆ ಮಾತ್ರ ಬರುವಂಥದ್ದು, ಇನ್ನೊಂದು ಕುದುರೆಗಳಿಗೆ. ನಾನು ಒಂದನ್ನೂ ಬಿಡದೆ ಎಲ್ಲಕ್ಕೂ ಹೆದರಿದೆ. ಮಾರನೆಯ ದಿನದಿಂದ ಎಣಿಸಲು ಶುರು ಮಾಡಿದೆ. ಮೂಲೆಯಲ್ಲಿ ಬಿದ್ದಿದ್ದ ಒಡಕು ಕನ್ನಡಿಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕುವುದು. ಸೋಮವಾರ ಮೂವತ್ತೊಂದು. ಮಂಗಳವಾರ ನಲವತ್ತು. ಎಣಿಸಿದಷ್ಟೂ ಬಂತು, ಬಂದಷ್ಟೂ ಎಣಿಸಿದೆ. ತಡೆದು ಹಿಡಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದಕ್ಕೆರಡಾಗಿ ಬರುತ್ತಿತ್ತು. ಹಾಸಿಗೆಯಲ್ಲಿ ಮಲಗಿ, ಇನ್ನು ನಲವತ್ತರವರೆಗೆ ಬದುಕುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ. ಈಗ ನಗುತ್ತೇನೆ, ಆಗ ನಿಜಕ್ಕೂ ಹೆದರಿದ್ದೆ.

ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಹೇಳಿದರೆ ಅತ್ತೆಗೆ ಗೊತ್ತಾಗುತ್ತದೆ, ಅತ್ತೆಗೆ ಗೊತ್ತಾದರೆ ಮಾವನ ಕೈಗವಸು ವಾಪಸು ಹೋಗುತ್ತದೆ. ತಲೆ ಸುಳ್ಳು ಹೇಳುವವಳನ್ನು ತಲೆಯ ಜಾಗದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಅತ್ತೆ ನೋಡುವಾಗೆಲ್ಲ ಕತ್ತು ಬಿಗಿಹಿಡಿದು, ದಿನಾ ಗಾಜು ಹೊತ್ತು ಮುಂದೆ ಮುಂದೆ ನಡೆದೆ.

ಸಿಕ್ಕಿಬಿದ್ದದ್ದು ಹಲ್ಲಿನ ಡಾಕ್ಟರ ಹತ್ತಿರ. ಅವರ ಹತ್ತಿರ ನನಗೇನೂ ಕೆಲಸವಿರಲಿಲ್ಲ. ಎರಡನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಆಳೆತ್ತರದ ಕನ್ನಡಿ ತರಿಸಿದ್ದರು. ಮಹಡಿಯ ಉದ್ದಕ್ಕೂ ಕಾರಿಡಾರು, ಅವರ ಬಾಗಿಲು ಕಟ್ಟಕಡೆಯದು. ನಾವಿಬ್ಬರೂ ಕನ್ನಡಿಯನ್ನು ಅಡ್ಡಕ್ಕೆ ಹಿಡಿದು ಅರ್ಧ ದಾರಿ ಬಂದಿದ್ದೆವು. ಎಡಗಡೆ ಒಂದು ಬಾಗಿಲು ಪೂರ್ತಿ ತೆರೆದಿತ್ತು. ಸರಿಯಾಗಿ ಅದರೆದುರಿಗೆ ನನ್ನ ತಲೆ ಎಡಕ್ಕೆ ಎಗರಿತು.

ಅತ್ತೆ ಬಾಲ. ಬಾಲ ಮರುಪ್ರಶ್ನೆ ಕೇಳುವುದಿಲ್ಲ. ಅವರು ಕಾಯ್ದೆಯ ಪ್ರಕಾರ ಠಾಕುಠೀಕಾಗಿ ಎಡಕ್ಕೆ ತಿರುಗಿದರು. ಹಿಂದಿನವರು ತಿರುಗಿದ ಮೇಲೆ ಮುಂದಿನವಳು ನೇರ ಹೋದರೆ ಕನ್ನಡಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಹಾಗಾಗಿ ನನ್ನ ತಲೆ ಹೇಳಿದ್ದನ್ನು ಅತ್ತೆ ಕೇಳಿದರು, ಅತ್ತೆ ಕೇಳಿದ್ದನ್ನು ನಾನು ಕೇಳಬೇಕಾಯಿತು. ಇಬ್ಬರೂ ಕನ್ನಡಿ ಸಮೇತ ಒಳಗೆ ಹೋದೆವು.

ಒಳಗೆ ಏಳು ಜನ ಕೆನ್ನೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಎದುರಿಗೆ ಇದ್ದಕ್ಕಿದ್ದಂತೆ ಒಂದು ಕನ್ನಡಿ ಬಂದು ನಿಂತಿತು. ಏಳೂ ಜನ ತಂತಮ್ಮ ಊದಿದ ಮುಖ ನೋಡಿಕೊಂಡರು. ಒಬ್ಬ ಮುದುಕರು “ಅಯ್ಯೋ, ಇಷ್ಟು ಊದಿದೆಯಾ! ಯಾರೂ ಹೇಳ್ಲೇ ಇಲ್ವಲ್ಲ!” ಎಂದು ಹೆಂಡತಿಯ ಕಡೆ ತಿರುಗಿ ಜಗಳಕ್ಕೆ ನಿಂತರು. ಮೇಜಿನ ಹಿಂದೆ ಚೀಟಿ ಬರೆಯುತ್ತಿದ್ದ ಹುಡುಗ ಎದ್ದು ನಿಂತ. ಅತ್ತೆ ಕನ್ನಡಿ ಇಳಿಸಿ, ಅಳತೆ ಟೇಪು ಎಳೆದು “ಯಾವ ಗೋಡೆಗೆ?” ಎಂದು ಕೇಳಿಯೇಬಿಟ್ಟರು. ಸದ್ದು ಕೇಳಿ ಡಾಕ್ಟರು ಹೊರಗೆ ಬಂದರು. ಕನ್ನಡಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಕನ್ನಡಿ ಬೇಕು ಅಂತ ಹೇಳಿ ಕಳಿಸಿದ್ದು ನಿಜ” ಅಂದರು. “ಆದ್ರೆ ನಾನು ಹೇಳಿದ್ದು ಬಾಯೊಳಗೆ ಹೋಗೋವಂಥದ್ದು.”

ಬೆಂಚಿನಲ್ಲಿ ಕೂತಿದ್ದವರು ಹಲ್ಲುನೋವನ್ನೂ ಮರೆತು ನಕ್ಕರು. ನಾನು “ಬಾಗಿಲು ತಪ್ಪಾಯ್ತು” ಎಂದು ಗೊಣಗಿದೆ. ಹುಡುಗ ಬಾಗಿಲು ಹಿಡಿದುಕೊಂಡು ನಮಗೆ ದಾರಿ ಮಾಡಿಕೊಟ್ಟ. ಕಾರಿಡಾರಿಗೆ ಬಂದಾಗ ನನ್ನ ಕಣ್ಣು ನಾವು ಹತ್ತಿ ಬಂದ ಮೆಟ್ಟಿಲ ಕಡೆಗೇ ಹೋಯಿತು. ಎಡಗಡೆ ಬಾಗಿಲಿದ್ದದ್ದಕ್ಕೆ ಸರಿಹೋಯಿತು. ಮೆಟ್ಟಿಲಿನ ಅಂಚಿದ್ದಿದ್ದರೆ? ಅತ್ತೆ ಕಣ್ಣು ಮುಚ್ಚಿಕೊಂಡು ಅದಕ್ಕೂ ಕಾಲಿಡುತ್ತಿದ್ದರು. ಆ ಮುಂಗೈಯ ಗೆರೆ ನನ್ನ ಕಣ್ಣ ಮುಂದೆಯೇ ಇತ್ತು. ಕಾಯಿಲೆಯ ಭಯದ ಜೊತೆಗೆ ಅವತ್ತಿನಿಂದ ಈ ಭಯವೂ ಸೇರಿಕೊಂಡಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಒಂದು ದಿನ ಅತ್ತೆಯನ್ನು ಬೀಳಿಸುತ್ತೇನೆ, ಬಾಯಿ ಬಿಟ್ಟರೆ ಅವರ ಮುಂದೆ ನಡೆಯುವ ಭಾಗ್ಯ ಕಳೆದುಕೊಳ್ಳುತ್ತೇನೆ.

ಅತ್ತೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. ದಾರಿಯುದ್ದಕ್ಕೂ ತಮ್ಮಷ್ಟಕ್ಕೇ ಮುಸಿಮುಸಿ ನಗುತ್ತಿದ್ದರು. ಮುಂದಿನ ವಾರ ಅದೇ ಬೀದಿಯಲ್ಲಿ ಕಿಟಕಿಯ ಗಾಜು ಹೊತ್ತು ಹೋಗುವಾಗ ಆ ಚೀಟಿ ಬರೆಯುವ ಹುಡುಗ ಎಡಗಡೆಯಿಂದ ಸೈಕಲ್ಲಿನಲ್ಲಿ ಹಾದುಹೋದ. ನನ್ನ ತಲೆಗೆ ಅದೇ ಹೊತ್ತಿಗೆ ಎಡಕ್ಕೆ ಎಗರಬೇಕೆನಿಸಿತು, ಎಗರಿತು. ಈ ಸಲ ಅತ್ತೆ ತಿರುಗಲಿಲ್ಲ. ಹಿಂದಿನಿಂದ “ಹೂಂ, ಹೂಂ” ಎಂದು ಕೆಮ್ಮಿದರು. ಗಾಜು ಹಿಡಿದಾಗ ಅವರು ಕೆಮ್ಮಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅದೇ ಭಾನುವಾರ ಮಧ್ಯಾಹ್ನ ಅತ್ತೆ ನಮ್ಮ ಮನೆಗೆ ಬಂದರು. ಅಮ್ಮ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ವಾರವಿಡೀ ಜನ ಅವಳನ್ನು ಪ್ರಶ್ನೆ ಕೇಳುತ್ತಾರೆ, ಆ ಸೇಡನ್ನೆಲ್ಲ ಅವಳು ಭಾನುವಾರ ನನ್ನ ಮೇಲೆ ತೀರಿಸಿಕೊಳ್ಳುತ್ತಾಳೆ. ಅತ್ತಿಗೆ ನಾದಿನಿಯರು ಅಡುಗೆಮನೆಯಲ್ಲಿ ಅರ್ಧ ಗಂಟೆ ಪಿಸುಗುಟ್ಟಿ, ಟೀ ಲೋಟ ಹಿಡಿದು ನನ್ನ ಎರಡೂ ಪಕ್ಕದಲ್ಲಿ ಬಂದು ಕೂತರು. ಅಮ್ಮನ ಮುಖದಲ್ಲಿ ಹೊಸ ಬಸ್ಸು ಬಿಟ್ಟಷ್ಟು ಕಳೆ ಇತ್ತು.

“ಹಲ್ಲಿನ ಡಾಕ್ಟರ ಹತ್ರ ಚೀಟಿ ಬರೆಯೋ ಹುಡುಗ ಹೇಗೆ?” ಅಂದಳು.

“ಹೇಗೆ ಅಂದ್ರೆ?”

“ಒಳ್ಳೇವನಾ?”

“ನಂಗೇನಮ್ಮ ಗೊತ್ತು? ನನ್ನ ಹಲ್ಲು ಚೆನ್ನಾಗಿದೆ.”

“ನಾಟಕ ಬೇಡ ಕಣೇ” ಅಂದರು ಅತ್ತೆ. “ಇಪ್ಪತ್ತೈದು ವರ್ಷ ಒಂದು ತಲೆ ಹಿಂದೆ ನಡೆದವಳು ನಾನು. ತಲೆ ಯಾಕೆ ತಿರುಗುತ್ತೆ ಅಂತ ನನಗೆ ಗೊತ್ತಾಗಲ್ವಾ? ಆವತ್ತು ಆ ಬಾಗಿಲು ಕಂಡ ಕೂಡ್ಲೇ ತಿರುಗ್ತು. ಮೊನ್ನೆ ಸೈಕಲ್ ಕಂಡ ಕೂಡ್ಲೇ ತಿರುಗ್ತು. ನಿನ್ನ ಮಗಳ ತಲೆ ಆ ಹುಡುಗನಿಗೆ ಬಿದ್ದಿದೆ ಅಂತ ಇವಳಿಗೆ ಹೇಳಿಬಿಟ್ಟಿದ್ದೀನಿ.”

“ನಾವೇನು ಬೇಡ ಅಂತೀವಾ?” ಎಂದಳು ಅಮ್ಮ. “ಹೇಳ್ಬಾರ್ದಾ? ಆಳೆತ್ತರದ ಕನ್ನಡಿ ಹೊತ್ಕೊಂಡು ಹೋಗಿ ಮುಖ ತೋರಿಸೋದಾ?”

ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಎರಡು ತಿಂಗಳು ಒಬ್ಬಳೇ ಹೊತ್ತಿದ್ದ ಭಾರವೆಲ್ಲ ಆ ಚೀಟಿ ಹುಡುಗನ ನೆಪದಲ್ಲಿ ಹೊರಗೆ ಬಂತು. ಬಿಕ್ಕುತ್ತಲೇ ಎಲ್ಲ ಹೇಳಿದೆ. ತಲೆ ತಾನಾಗಿ ಎಗರುವುದು, ಸೀಮೆಸುಣ್ಣದ ಗೀಟು, ಒಂಬತ್ತು ಕಾಯಿಲೆ, ಕುದುರೆಯದೂ ಸೇರಿ. ಹೇಳುತ್ತಿರುವಾಗಲೇ ಮೂರು ಸಲ ಎಗರಿತು, ಸಾಕ್ಷಿಗೆ ಬೇರೆ ಯಾರೂ ಬೇಕಾಗಲಿಲ್ಲ.

ಅಮ್ಮನ ಲೋಟ ಕೈಯಲ್ಲೇ ಉಳಿಯಿತು. ಅತ್ತೆ ಅಳತೆ ತೆಗೆಯುವವರಂತೆ ನನ್ನ ಕತ್ತನ್ನೇ ನೋಡಿದರು. ಆಮೇಲೆ ತುಂಬ ಬೇಸರದಿಂದ “ಅಂದ್ರೆ, ಹುಡುಗ ಇಲ್ವಾ?” ಎಂದರು.

“ಅತ್ತಿಗೇ!” ಎಂದು ಅಮ್ಮ ಗದರಿದಳು. ಅತ್ತೆಯನ್ನು ಅವಳು ಗದರಿದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ. ಆಮೇಲೆ ನನ್ನನ್ನು ತಬ್ಬಿಕೊಂಡು “ಊರಿನವರಿಗೆಲ್ಲ ಯಾವ ಬಸ್ಸು ಎಷ್ಟೊತ್ತಿಗೆ ಅಂತ ಹೇಳ್ತೀನಿ. ನನ್ನ ಮಗಳಿಗೆ ಏನಾಗ್ತಿದೆ ಅಂತ ನಂಗೇ ಗೊತ್ತಿಲ್ಲ” ಎಂದು ತಾನೂ ಅತ್ತಳು.

ಬುಧವಾರ ನರಗಳ ಡಾಕ್ಟರ ಹತ್ತಿರ ಹೋದದ್ದು ಮೂವರೂ. ಡಾಕ್ಟರು “ಪೇಷೆಂಟ್ ಯಾರು?” ಎಂದು ಕೇಳಬೇಕಾಯಿತು, ಏಕೆಂದರೆ ಮೂವರಲ್ಲಿ ಕಡಿಮೆ ಹೆದರಿದ್ದವಳು ನಾನೇ. ಮೂಗು ಮುಟ್ಟಿಸಿದರು, ಅವರ ಬೆರಳು ಮುಟ್ಟಿಸಿದರು, ಗೆರೆಯ ಮೇಲೆ ನಡೆಸಿದರು, ಮಂಡಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಅತ್ತೆ ಅಷ್ಟರಲ್ಲಿ ಡಾಕ್ಟರ ಮೇಜಿನ ಮೇಲಿದ್ದ ಬಿರುಕು ಬಿಟ್ಟ ಗಾಜನ್ನು ಕಣ್ಣಳತೆಯಲ್ಲೇ ಅಳೆದು ಮುಗಿಸಿದ್ದರು.

“ತಡೆದು ಹಿಡಿಯೋಕಾಗುತ್ತಾ?”

“ಸ್ವಲ್ಪ ಹೊತ್ತು. ಆಮೇಲೆ ಎರಡಾಗಿ ಬರುತ್ತೆ.”

“ನಿದ್ದೆಯಲ್ಲಿ ಬರುತ್ತಾ?”

ನಾನು ಗೊತ್ತಿಲ್ಲ ಎನ್ನುವಷ್ಟರಲ್ಲಿ ಅಮ್ಮ ಬಾಯಿ ಹಾಕಿದಳು. “ಬರಲ್ಲ ಡಾಕ್ಟ್ರೇ. ಮೂರು ರಾತ್ರಿ ಪಕ್ಕದಲ್ಲಿ ಕೂತು ನೋಡಿದ್ದೀನಿ. ಒಂದ್ಸಲಾನೂ ಇಲ್ಲ.” ಅವಳ ಕಣ್ಣು ಯಾಕೆ ಕೆಂಪಾಗಿತ್ತು ಎಂದು ನನಗೆ ಆಗ ಅರ್ಥವಾಯಿತು.

ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿದರು. “ಇದಕ್ಕೆ ಟಿಕ್ ಅಂತಾರೆ. ಕೆಲವರು ಕಣ್ಣು ಮಿಟುಕಿಸ್ತಾರೆ, ಕೆಲವರು ಭುಜ ಎಗರಿಸ್ತಾರೆ, ಇವರ ತಲೆ ಎಗರುತ್ತೆ. ಪರೀಕ್ಷೆ ಮಾಡಿದ್ದೆಲ್ಲ ಸರಿಯಾಗಿದೆ. ಹೆದರೋವಂಥದ್ದು ನನಗೇನೂ ಕಾಣ್ತಿಲ್ಲ. ನಿದ್ದೆಗೆಟ್ಟರೆ ಹೆಚ್ಚಾಗುತ್ತೆ, ಚಿಂತೆ ಮಾಡಿದ್ರೆ ಹೆಚ್ಚಾಗುತ್ತೆ, ಅದನ್ನೇ ನೋಡ್ತಾ ಕೂತ್ರೆ ಇನ್ನೂ ಹೆಚ್ಚಾಗುತ್ತೆ. ಮೊದಲು ಆ ಎಣಿಸೋದನ್ನ ಬಿಡಿ.”

“ಯಾಕೆ ಬಂತು ಇದು?” ಅಂದರು ಅತ್ತೆ.

“ಗೊತ್ತಿಲ್ಲ.”

“ಯಾವಾಗ ಹೋಗುತ್ತೆ?”

“ಅದೂ ಗೊತ್ತಿಲ್ಲ ಅಮ್ಮಾ. ಹೋಗಬಹುದು, ಇರಬಹುದು, ಹೋಗಿ ಮತ್ತೆ ಬರಬಹುದು. ಕೈಕಾಲು ಸೋತರೆ, ಮಾತು ತೊದಲಿದ್ರೆ, ಬೇರೇನಾದ್ರೂ ಹೊಸದು ಕಂಡ್ರೆ ತಕ್ಷಣ ಬನ್ನಿ. ಇಲ್ಲದಿದ್ರೆ ಮೂರು ತಿಂಗಳಾದ ಮೇಲೆ ಒಮ್ಮೆ ತೋರಿಸಿ.”

ಹೊರಗೆ ಬಂದ ಮೇಲೆ ಅತ್ತೆಯ ಸಿಟ್ಟು ಇಳಿಯಲಿಲ್ಲ. “ಎರಡು ಪ್ರಶ್ನೆ ಕೇಳಿದೆ, ಎರಡಕ್ಕೂ ಗೊತ್ತಿಲ್ಲ ಅಂದ್ರು. ಗಿರಾಕಿ ಮುಂದೆ ನಾನು ಹಾಗಂದ್ರೆ ಅಂಗಡಿ ಮುಚ್ಚಬೇಕಾಗುತ್ತೆ.” ಅಮ್ಮ ಮಾತ್ರ ದಾರಿಯಲ್ಲಿ ಸಿಕ್ಕವರಿಗೆಲ್ಲ “ಏನೂ ಇಲ್ಲವಂತೆ” ಎಂದು ಹೇಳುತ್ತ ಬಂದಳು. ಅವರಲ್ಲಿ ಇಬ್ಬರು ಅಪರಿಚಿತರು.

ಸಾಯುವುದಿಲ್ಲ ಎಂದು ಗೊತ್ತಾದ ಮರುಗಳಿಗೆಯೇ ಮನುಷ್ಯರಿಗೆ ಬೇರೆ ಚಿಂತೆ ಹತ್ತಿಕೊಳ್ಳುತ್ತದೆ. ನನ್ನ ತಲೆಗೆ ಕಾಯಿಲೆಯಿಲ್ಲ, ಸರಿ. ಆದರೆ ಅದು ಸುಳ್ಳು ಹೇಳುವುದನ್ನು ಬಿಡುತ್ತದೆ ಎಂದು ಡಾಕ್ಟರೂ ಮಾತು ಕೊಡಲಿಲ್ಲವಲ್ಲ. ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋದಾಗ ಅತ್ತೆ ಕೈಗವಸು ಹಾಕಿಕೊಂಡು ಆಗಲೇ ಗಾಜಿನ ಮುಂದಿನ ತುದಿಯಲ್ಲಿ ನಿಂತಿದ್ದರು. “ಇವತ್ತು ನಾನು ಮುಂದೆ” ಅಂದರು. ನನ್ನ ಮುಖ ನೋಡಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಹಿಂದೆ ಹೋಗಿ ಬಾಲ ಹಿಡಿದೆ.

ಅತ್ತೆ ಜೀವಮಾನದಲ್ಲಿ ತಲೆಯಾಗಿದ್ದವರೇ ಅಲ್ಲ. ಆ ಬೀದಿಯಲ್ಲಿ ಅವರಿಗೆ ಗೊತ್ತಿಲ್ಲದ ಜನರೂ ಇಲ್ಲ. ಪೇಪರ್ ಮಾರುವವರು “ಏನಮ್ಮಾ, ಚೆನ್ನಾಗಿದೀರಾ” ಅಂದರು. ಅತ್ತೆ ಹೌದೆಂದು ತಲೆ ಬಗ್ಗಿಸಿದರು. ನಾನು ಕಾಯ್ದೆ ಪ್ರಕಾರ ಗಾಜು ಇಳಿಸಿದೆ. ಅತ್ತೆಯ ಕಡೆ ಎತ್ತರ, ನನ್ನ ಕಡೆ ತಗ್ಗು, ಗಾಜು ನಡುರಸ್ತೆಯಲ್ಲಿ ಓರೆಯಾಗಿ ನಿಂತಿತು. ಸ್ವಲ್ಪ ಮುಂದೆ ಬೀಗ ರಿಪೇರಿಯವರು ಮಗಳಿಗೆ ಕೆಲಸ ಸಿಕ್ಕ ಸುದ್ದಿ ಕೂಗಿ ಹೇಳಿದರು. ಅತ್ತೆ ಸಂತೋಷಕ್ಕೆ ತಲೆಯನ್ನು ಬಲಕ್ಕೂ ಎಡಕ್ಕೂ ತೂಗಿದರು. ನಾನು ಬಲಕ್ಕೆ ಒಂದು ಹೆಜ್ಜೆ, ಎಡಕ್ಕೆ ಒಂದು ಹೆಜ್ಜೆ ಹಾಕಿದೆ. ನೋಡಿದವರಿಗೆ ನಾವು ಕುಣಿಯುತ್ತಿದ್ದೇವೆ ಎನಿಸಿರಬೇಕು. ಹಾಲಿನ ಅಂಗಡಿಯ ಹೆಂಗಸಂತೂ ಚಪ್ಪಾಳೆ ತಟ್ಟಿದರು. ಡಾಕ್ಟರು ನೋಡಬೇಕಾಗಿದ್ದ ತಲೆ ಯಾವುದು ಎಂದು ನನಗೆ ಅನುಮಾನ ಬಂತು. ಬೇರೆ ದಿನವಾಗಿದ್ದರೆ ಬಾಯಿಬಿಟ್ಟು ಹೇಳಿ ಬೈಸಿಕೊಳ್ಳುತ್ತಿದ್ದೆ. ಆ ದಿನ ಗಾಜನ್ನು ಸಮ ಮಾಡಿಕೊಂಡು ಮುಂದಿನ ಸನ್ನೆಗೆ ಕಾದೆ.

ಹತ್ತು ದಿನ ಹೀಗೇ ನಡೆಯಿತು. ಅತ್ತೆ ಈಗ ನನ್ನನ್ನು ಬೈಯುತ್ತಿರಲಿಲ್ಲ. “ಕೂತ್ಕೋ”, “ನಿಧಾನ”, “ಟೀ ಕುಡಿ”. ಈ ಮೂರು ಮಾತು ಬಿಟ್ಟರೆ ಬೇರೆ ಇಲ್ಲ. ಅವರ ಬೈಗುಳ ಇಷ್ಟು ರುಚಿಯಾಗಿತ್ತು ಎಂದು ಅದು ನಿಂತ ಮೇಲೆಯೇ ನನಗೆ ಗೊತ್ತಾದದ್ದು.

ಆಮೇಲೆ ಶಾಲೆಯ ಕೆಲಸ ಬಂತು. ಮಹಡಿ ಮೆಟ್ಟಿಲು ತಿರುಗುವ ಕಡೆ ಬಲಗಡೆಗೆ ದೊಡ್ಡ ಕಿಟಕಿ, ಅದಕ್ಕೆ ಒಂದೇ ಹಾಳೆ ಗಾಜು. ನಮ್ಮ ಅಂಗಡಿಯಿಂದ ಅಷ್ಟು ದೊಡ್ಡದು ಹೋಗಿದ್ದು ಮಾವನ ಕಾಲದಲ್ಲಿ ಒಮ್ಮೆ ಮಾತ್ರ. ರಜಾದಿನ ನೋಡಿಕೊಂಡು ಹೋದೆವು. ಖಾಲಿ ಶಾಲೆ, ಉದ್ದ ಮೆಟ್ಟಿಲು, ಎಡಗಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಕೆಳಗಿನ ಅಂಗಳ.

ಮೆಟ್ಟಿಲಿನಲ್ಲಿ ಭಾರವೆಲ್ಲ ಕೆಳಗಿನವರ ಮೇಲೆ ಬರುತ್ತದೆ. ಅದಕ್ಕೇ ಅತ್ತೆ ಯಾವಾಗಲೂ ಬಾಲ, ಅವರ ತೋಳಿನ ಬಲ ಇನ್ನೊಬ್ಬರಿಗಿಲ್ಲ. ಅವತ್ತು ಮೇಲೆ ಅವರು, ಕೆಳಗೆ ನಾನು. ಅತ್ತೆ ಗಲ್ಲ ಎತ್ತಿದರು, ನಾನು ಹತ್ತಿದೆ. ಮತ್ತೆ ಎತ್ತಿದರು, ಮತ್ತೆ ಹತ್ತಿದೆ. ಐದನೇ ಮೆಟ್ಟಿಲಿಗೆ ನನ್ನ ತೋಳು ನಡುಗಲು ಶುರುವಾಯಿತು. ಅತ್ತೆ ಮುಂದೆ ನೋಡುತ್ತಿದ್ದರು, ಹಿಂದಿನದು ಅವರಿಗೆ ಕಾಣದು. ಬಾಲ ತಲೆಗೆ ಏನಾದರೂ ಹೇಳುವ ಸನ್ನೆಯೇ ನಮ್ಮ ಕಾಯ್ದೆಯಲ್ಲಿ ಇಲ್ಲ. ಆರನೇ ಮೆಟ್ಟಿಲಿಗೆ ಗಾಜು ಕೈಗವಸಿನಿಂದ ಒಂದು ಬೆರಳಿನಷ್ಟು ಜಾರಿತು.

“ಅತ್ತೆ, ಇಳಿಸಿ!” ಎಂದು ಕೂಗಿದೆ.

ಅವರು ತಕ್ಷಣ ಇಳಿಸಿದರು. ಗಾಜನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತೆವು. ಇಬ್ಬರೂ ಏದುಸಿರು ಬಿಡುತ್ತಿದ್ದೆವು. ನನ್ನ ತಲೆ ಒಂದರ ಹಿಂದೊಂದು ಮೂರು ಸಲ ಎಗರಿತು.

“ಗಾಜು ಹಿಡಿದು ಮಾತಾಡಿದೆ” ಅಂದರು ಅತ್ತೆ.

“ಹೂಂ.”

“ಒಡೀಲಿಲ್ಲ.”

“ಇಲ್ಲ.”

ಅತ್ತೆ ಮುಂಗೈಯ ಗೆರೆಯ ಮೇಲೆ ಬೆರಳಾಡಿಸಿದರು. “ನಿಮ್ಮ ಮಾವ ಬಾಯಿ ತೆಗೆದ್ರೆ ಮುಚ್ಚೋವರಲ್ಲ. ಗಾಜು ಹೊತ್ಕೊಂಡೇ ಜೋಕು ಹೇಳೋರು. ಒಂದು ದಿನ ನಾನು ನಕ್ಕುಬಿಟ್ಟೆ, ಅದಕ್ಕೇ ಇದು. ಅವತ್ತಿಂದ ಬಾಯಿ ಬಂದ್ ಅಂದೆ. ಆ ಕಾಯ್ದೆ ಅವರೊಬ್ಬರಿಗೆ ಮಾಡಿದ್ದು. ಅವರು ಹೋದ್ರು, ಕಾಯ್ದೆ ಉಳೀತು.”

ನಾನು ಧೈರ್ಯ ಮಾಡಿದೆ. “ಅತ್ತೆ, ನಂಗೆ ಮುಂದೆ ಹೋಗೋ ಆಸೆ ಇದೆ. ಆದ್ರೆ ನನ್ನ ತಲೆ ನಿಮ್ಮನ್ನ ಬೀಳಿಸಿಬಿಡುತ್ತೇನೋ ಅಂತ ಭಯ.”

“ಎರಡು ತಿಂಗಳು ಬಾಯಿ ಮುಚ್ಕೊಂಡು ಇದ್ದೆಯಲ್ಲ, ಅದು ಬೀಳಿಸ್ತಿತ್ತು” ಎಂದರು ಅತ್ತೆ. “ನಿನ್ನನ್ನ ಹಿಂದೆ ಹಾಕಿದ್ದು ನಿನ್ನ ಮೇಲೆ ನಂಬಿಕೆ ಹೋಗಿ ಅಂದ್ಕೊಂಡ್ಯಾ? ಮನೆಗೆ ಒಬ್ಬಳು ಮಗಳು. ನಿನಗೆ ಏನಾದ್ರೂ ಆದ್ರೆ ನಿಮ್ಮಮ್ಮನಿಗೆ ಯಾವ ಮುಖ ತೋರಿಸ್ಲಿ? ನನಗೂ ಭಯ ಆಗುತ್ತೆ ಕಣೇ. ನಾನೇನು ಕಲ್ಲಾ?”

ನಾನು ಅವರ ಭುಜಕ್ಕೆ ಒರಗಿದೆ. ಅವರು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡು ಕೆಳಗಿನ ತುದಿಗೆ ಹೋದರು. “ನೀನು ಮುಂದೆ ಹಿಡಿ. ತಲೆ ಸನ್ನೆ ಇವತ್ತಿಗೆ ಮುಗೀತು. ಏನಿದ್ರೂ ಬಾಯಲ್ಲಿ ಹೇಳು. ಹತ್ತು, ನಿಲ್ಲು, ಎಡ, ಬಲ. ಅಷ್ಟೇ. ಜೋಕು ಹೇಳಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ.”

ಮೇಲಿನ ತುದಿ ಹಿಡಿದೆ. “ಹತ್ತು” ಎಂದೆ. ಖಾಲಿ ಶಾಲೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಅತ್ತೆ ಒಂದು ಮೆಟ್ಟಿಲು ಹತ್ತಿದರು. “ಹತ್ತು.” ಇನ್ನೊಂದು. ಗಾಜಿನ ಭಾರ ಕೆಳಗೆ ಅವರ ತೋಳ ಮೇಲೆ ಅಲುಗದೆ ನಿಂತಿತ್ತು. ಉಳಿದ ಹದಿನೆಂಟು ಮೆಟ್ಟಿಲು ಹೀಗೇ ಮುಗಿದವು. ತಿರುವಿಗೆ ಬಂದೆವು. ಬಲಗಡೆ ಕಿಟಕಿ, ಎಡಗಡೆ ಗಿಡ್ಡ ಕಟ್ಟೆ, ಅದರಾಚೆ ಅಂಗಳ. ಕತ್ತಿನೊಳಗೆ ಆ ಚಡಪಡಿಕೆ ಎದ್ದಿತು. ತಡೆಯಲು ಹೋಗಲಿಲ್ಲ. ತಲೆ ಎಡಕ್ಕೆ ಎಗರಿತು, ಹಿಂದೆಂದೂ ಇಲ್ಲದಷ್ಟು ಜೋರಾಗಿ.

ಗಾಜು ಕೂದಲೆಳೆಯಷ್ಟೂ ಕದಲಲಿಲ್ಲ.

“ನಿನ್ನ ತಲೆ ಎಡಕ್ಕೆ ಅಂತಿದೆ” ಎಂದು ಕೆಳಗಿನಿಂದ ಅತ್ತೆಯ ದನಿ ಬಂತು. “ನೀನೇನಂತೀಯ?”

“ಬಲಕ್ಕೆ ಅತ್ತೆ.”

“ಸರಿ” ಎಂದು ಅತ್ತೆ ಬಲಕ್ಕೆ ತಿರುಗಿದರು.